ಗೋಡೆಯ ನಲವತ್ತನಾಲ್ಕನೇ ಮನುಷ್ಯ

ಅದು ಶುರುವಾದದ್ದು ನವೆಂಬರ್ ಎರಡನೇ ವಾರದ ಒಂದು ಬೆಳಿಗ್ಗೆ, ಆರೂವರೆ ಗಂಟೆಗೆ. ದುಬೈಯ ಸತ್ವಾದ ಆ ಓಣಿಯಲ್ಲಿ ಆ ಹೊತ್ತನ್ನು ಯಾರೂ ಮರೆತಿಲ್ಲ. ಏಳು ತಿಂಗಳು ಒಂದೇ ಸಮನೆ ಗುರುಗುಟ್ಟಿದ್ದ ಎ.ಸಿ.ಗಳನ್ನು ಆ ವರ್ಷ ಮೊದಲ ಸಲ ಆರಿಸಿದ್ದು ಅವತ್ತೇ. ಎ.ಸಿ. ನಿಂತ ದಿನ ಓಣಿಗೆ ಕಿವಿ ಬರುತ್ತದೆ. ಯಾರ ಕುಕ್ಕರ್ ಎಷ್ಟು ಸಲ ಕೂಗಿತು, ಯಾರು ಯಾರ ಚಪ್ಪಲಿ ಮೆಟ್ಟಿಕೊಂಡು ಹೋದರು ಎಲ್ಲ ಕೇಳಿಸುತ್ತದೆ. ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ರುದ್ರವ್ವನಿಗೆ ಹೊರಗಿನ ಗೋಡೆಯ ಮೇಲೆ ಸರ್ರ್ ಎಂದು ಏನೋ ಹರಿದದ್ದು ಕೇಳಿಸಿತು. ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು.

ಟೋಪಿ ಹಾಕಿದ ಒಬ್ಬ ಆಳು ಟೇಪು ಹಿಡಿದು ಗೋಡೆ ಅಳೆಯುತ್ತಿದ್ದ. ಸೊಂಟದಲ್ಲಿ ಬಣ್ಣದ ಪಟ್ಟಿಗಳ ಪುಸ್ತಕ. ರುದ್ರವ್ವ ತನ್ನ ಅಡುಗೆಮನೆಯ ಹಿಂದಿಯಲ್ಲಿ ವಿಚಾರಿಸಿದಳು. ಮಾಲೀಕರ ಮಗನ ಅಪ್ಪಣೆ ಆಗಿದೆ, ಈ ವಿಲ್ಲಾದ ಕಾಂಪೌಂಡಿಗೆಲ್ಲ ಕ್ರೀಂ ಬಣ್ಣ ಬಳಿಯುವುದಿದೆ ಎಂದ.

"ಈ ಮಂದಿ ಮ್ಯಾಲೆ?" ಎಂದಳು ರುದ್ರವ್ವ ಕನ್ನಡದಲ್ಲೇ, ಗೋಡೆಯ ಕಡೆ ಕೈ ತೋರಿಸಿ. ಅವನಿಗೆ ಅರ್ಥವಾಗಲಿಲ್ಲ. ಟೇಪು ಸುತ್ತಿಕೊಂಡು ಹೋದ.

ಗೋಡೆಯ ಮೇಲೆ ನಲವತ್ತಮೂರು ಮಂದಿ ಇದ್ದರು. ಒಂಬತ್ತು ಕೋಣೆಗಳ ಆ ಹಳೆಯ ವಿಲ್ಲಾದಲ್ಲಿ ಕೋಣೆಗೊಬ್ಬ, ಕೋಣೆಗೆ ನಾಲ್ವರು ಅಂತ ಬಾಡಿಗೆಗೆ ಇದ್ದು, ಕೊನೆಗೆ ವೀಸಾ ಖಲಾಸ್ ಮಾಡಿಕೊಂಡು ಊರಿಗೆ ಹೋದವರು. ಎಲ್ಲರನ್ನೂ ಬರೆದವನು ಅಲಿಕುಂಞಿ. ದೇರಳಕಟ್ಟೆಯಿಂದ ಬಂದು ಮೂವತ್ತಾರು ವರ್ಷದಿಂದ ಇದೇ ಓಣಿಯಲ್ಲಿ ಅಂಗಡಿಗಳ ಬೋರ್ಡ್ ಬರೆದವನು. ಕಡ್ಡಿಯಂಥ ಮನುಷ್ಯ, ಮಾತಿಗಿಂತ ಕೆಮ್ಮು ಜಾಸ್ತಿ. 1991ರಲ್ಲಿ ಡ್ರೈವರ್ ಪೃಥ್ವಿರಾಜ್ ಉಡುಪಿಗೆ ಹೋದ ಮೇಲೆ ಅವನು ಕೂರುತ್ತಿದ್ದ ಜಾಗ ಬಿಕೋ ಅನ್ನಿಸಿತಂತೆ. ಬೋರ್ಡಿಗೆ ತಂದು ಉಳಿದ ಬಣ್ಣದಲ್ಲಿ, ಪೃಥ್ವಿರಾಜ್ ಟೈರಿನ ಮೇಲೆ ಕೂತ ಹಾಗೆ ಗೋಡೆಯಲ್ಲಿ ಬರೆದುಬಿಟ್ಟ. ಅಲ್ಲಿಂದ ಅದೊಂದು ಪದ್ಧತಿಯಾಯಿತು. ಹೋದವರೆಲ್ಲ ಗೋಡೆಗೆ.

ರುದ್ರವ್ವನ ಗಂಡ ತಮ್ಮಣ್ಣನೂ ಅಲ್ಲಿದ್ದ. ಮೇಸ್ತ್ರಿ. ಮಗನ ಓದಿಗೆಂದು ರುದ್ರವ್ವನನ್ನು ಇಲ್ಲೇ ಬಿಟ್ಟು 2006ರಲ್ಲಿ ಇಳಕಲ್ಲಿಗೆ ಹೋದ, ಮರುವರ್ಷವೇ ತೀರಿಕೊಂಡ. ಮನೆಯಲ್ಲಿರುವ ಫೋಟೋದಲ್ಲಿ ತಮ್ಮಣ್ಣ ಪೊಲೀಸ್ ಠಾಣೆಗೆ ಬಂದವನ ಹಾಗೆ ನಿಂತಿದ್ದಾನೆ. ನಗುವ ತಮ್ಮಣ್ಣ ಇರುವುದು ಈ ಗೋಡೆಯ ಮೇಲೆ ಮಾತ್ರ. ಕೈಯಲ್ಲಿ ರಸಮಟ್ಟ, ಅದರ ಗುಳ್ಳೆ ನಡುವೆ ನಿಲ್ಲದೆ ಒಂದು ಪಕ್ಕಕ್ಕೆ ಹೋಗಿದೆ. ನೀ ಕಟ್ಟಿದ ಗೋಡೆ ಎಲ್ಲ ಹೀಗೇ ಎಂದು ಅಲಿಕುಂಞಿ ಬೇಕೆಂದೇ ಛೇಡಿಸಿ ಬರೆದದ್ದು. ಮಗ ಅಭಿಜೀತ ಅಬುಧಾಬಿಯ ಬನಿಯಾಸ್‌ನಲ್ಲಿ ಇಂಜಿನಿಯರು. ಬಾ ಅವ್ವ, ಇಲ್ಲಿ ಬಂದು ಇರು ಎಂದು ಹತ್ತು ವರ್ಷದಿಂದ ಕರೆಯುತ್ತಿದ್ದಾನೆ. ರುದ್ರವ್ವ ಹೋಗಿ ಎರಡು ದಿನ ಇದ್ದು ಬರುತ್ತಾಳೆ. ಬೆಳಿಗ್ಗೆ ಎದ್ದು ಆ ನಗುವಿನ ಮುಂದೆ ಒಂದು ಗಳಿಗೆ ನಿಲ್ಲದಿದ್ದರೆ ಅವಳಿಗೆ ರೊಟ್ಟಿ ದುಂಡಗೆ ಬರುವುದಿಲ್ಲ.

ಸುದ್ದಿ ಕೇಳಿ ಮೊದಲು ಬಂದವನು ಎದುರಿನ ಟೈಲರ್ ಅಬ್ದುಲ್ ರವೂಫ್. ಕೊರಳಲ್ಲಿ ಟೇಪು, ಬಾಯಲ್ಲಿ ಗುಂಡುಸೂಜಿ.

"ಕ್ರೀಂ ಬಣ್ಣವಾ? ಎಂತ ಮಾರಾಯ್ರೆ, ಗೋಡೆಯಾ ಐಸ್‌ಕ್ರೀಮಾ?" ಎಂದ ಸೂಜಿ ತೆಗೆದು. "ನಡೀರಿ ರುದ್ರಕ್ಕ, ಅರ್ಬಾಬನ ಹತ್ರ ಹೋಗುವ."

ವಿಲ್ಲಾದ ಮಾಲೀಕ ಮೊಹಮ್ಮದ್‌ಗೆ ಎಂಬತ್ತು ದಾಟಿತ್ತು. ಎಲ್ಲರಿಗೂ ಅವನು ಅರ್ಬಾಬ್. ಹಳೆಯ ಕಾಲದ ಹಿಂದಿ ಮಾತಾಡುತ್ತಿದ್ದ, ಗಾವಾ ಕಾಫಿ ಕುಡಿಸದೆ ಯಾರ ಮಾತನ್ನೂ ಕೇಳುತ್ತಿರಲಿಲ್ಲ. ಮೂರನೇ ಬಟ್ಟಲಿನ ಮೇಲೆ ಹೇಳಿದ.

"ನಾನು ಬೇಡ ಅಂದರೆ ನನ್ನ ಮಗ ನಾನು ಸಾಯುವವರೆಗೆ ಕಾಯುತ್ತಾನೆ. ಒಳ್ಳೆಯ ಹುಡುಗ, ತಾಳ್ಮೆ ಇದೆ. ಸರ್ಕಾರದ ಕಾಗದ ಬೇಡ ಅಂದರೆ ಮಾತ್ರ ಖಲಾಸ್. ಕಾಗದ ತನ್ನಿ. ಅಲ್ಲಿಯವರೆಗೆ ಬಣ್ಣದವನನ್ನು ನಾನು ನೋಡಿಕೊಳ್ಳುತ್ತೇನೆ."

ನೋಡಿಕೊಂಡ ರೀತಿ ಓಣಿಯವರಿಗೆಲ್ಲ ಹಬ್ಬವಾಯಿತು. ಬಣ್ಣದವನು ಬಂದಾಗಲೆಲ್ಲ ಅರ್ಬಾಬ್ ಕುರ್ಚಿ ಹಾಕಿಸಿ ಕೂತು, ಪಟ್ಟಿ ನೋಡಿ, ಇದು ಕ್ರೀಂ ಅಲ್ಲ, ಇದು ಒಂಟೆ ಹಾಲು ಎನ್ನುತ್ತಿದ್ದ. ಮುಂದಿನ ಸಲ, ಇದು ನಿನ್ನೆಯ ಹಾಲು. ಅದರ ಮುಂದಿನ ಸಲ, ಇದು ಕಾಮಾಲೆ ಆದವನ ಕಣ್ಣು. ಹೀಗೆ ಇಪ್ಪತ್ತೇಳು ಕ್ರೀಂಗಳು ತಿರಸ್ಕಾರವಾದವು. ಬಣ್ಣದವನಿಗೂ ಆ ಗಾವಾ ರುಚಿ ಹತ್ತಿ, ಬರಬೇಡ ಎಂದ ದಿನವೂ ಬರತೊಡಗಿದ.

ಆದರೆ ಕಾಗದ ಎಲ್ಲಿಂದ ತರುವುದು? ಅದನ್ನು ಹೇಳಿಕೊಟ್ಟವನು ಮಾಳಿಗೆಯ ಕೋಣೆಯ ಸೆಬಾಸ್ಟಿಯನ್.

ಸೆಬಾಸ್ಟಿಯನ್ ಶಾಲೆಯೊಂದರಲ್ಲಿ ಚಿತ್ರಕಲೆ ಕಲಿಸುವ ಅಮೆರಿಕದವನು. ಲಾಸ್ ಏಂಜಲಿಸ್ಸಿನ ಪೂರ್ವದ ಕೇರಿಯವನು. ಬಂದ ಮೊದಲ ವಾರ ರುದ್ರವ್ವನ ಜೋಳದ ರೊಟ್ಟಿ ಕೈಗೆತ್ತಿಕೊಂಡು ಕಣ್ಣಲ್ಲಿ ನೀರು ತಂದುಕೊಂಡಿದ್ದ. ಅವನ ಅಜ್ಜಿಯೂ ಹೀಗೇ ಅಂಗೈಯಲ್ಲಿ ತಟ್ಟಿ ಮೆಕ್ಕೆಜೋಳದ ರೊಟ್ಟಿ ಮಾಡುತ್ತಿದ್ದಳಂತೆ. ಅಂದಿನಿಂದ ರುದ್ರವ್ವನ ಲೆಕ್ಕದಲ್ಲಿ ಅವನು ಅಮೆರಿಕದವನಲ್ಲ, ವಿಜಾಪುರದ ಆಚೆ ಎಲ್ಲೋ ಇರುವ ಊರಿನವನು. ಅವನ ಮಾತನ್ನು ರುದ್ರವ್ವನಿಗೆ ತಿಳಿಸಿ ಹೇಳುತ್ತಿದ್ದವಳು ಸೊಸೆ ನಿವೇದಿತಾ. ಶನಿವಾರ ಭಾನುವಾರ ಬನಿಯಾಸ್‌ನಿಂದ ಅತ್ತೆಯನ್ನು ನೋಡಲು ಬರುತ್ತಿದ್ದಳು.

"ಅತ್ತೀ, ಇವರ ಅಜ್ಜ ಮುತ್ತಜ್ಜ ಮೆಕ್ಸಿಕೋ ಕಡಿಯವರಂತ್ರಿ. ಅಮೆರಿಕಾದಾಗ ಬೆಳೆದ ಅಂಥಾ ಮಂದಿ ತಮ್ಮನ್ನ ಚಿಕಾನೋ ಅಂತ ಕರ್ಕೋತಾರಂತ. ಇವರ ಓಣಿ ಗ್ವಾಡಿ ತುಂಬ ಹಿಂಗ ಚಿತ್ರ ಇದ್ವಂತ. ಹೊಲದಾಗ ದುಡಿಯೋರು, ಅಜ್ಜಿದೇರು, ಬಸ್ ಕಾಯೋರು. ಒಂದಿನ ಹೊಸಾ ಮಾಲೀಕ ಬಂದು ಒಂದು ಗ್ವಾಡಿಗೆ ಬೂದಿ ಬಣ್ಣ ಬಳದಬಿಟ್ಟಂತ."

"ಆಮ್ಯಾಲೆ?"

"ಆ ಗ್ವಾಡಿಗೆ ಎಲ್ಲಾರೂ ಅತ್ರಂತ. ಮುಂದಿನ ಗ್ವಾಡಿಗೆ ಅಳಲಿಲ್ಲಂತ, ಅರ್ಜಿ ಹಾಕಿದ್ರಂತ."

ಸೆಬಾಸ್ಟಿಯನ್ ಬೆರಳು ಮಡಚಿ ಹೇಳಿದ. ಅವರ ಊರಿನಲ್ಲಿ ಹಳೆಯ ಕಟ್ಟಡಗಳನ್ನು ಉಳಿಸುವ ಪಟ್ಟಿಯೊಂದಿದೆ. ಅದರಲ್ಲಿ ಗೋಡೆಯ ಹೆಸರು ಸೇರಿದರೆ ಮಾಲೀಕನೂ ಹೇಳದೆ ಕೇಳದೆ ಮುಟ್ಟುವಂತಿಲ್ಲ. ಚಿತ್ರ ಚೆಂದ ಇದೆ ಎಂದರೆ ಯಾರೂ ಪಟ್ಟಿಗೆ ಸೇರಿಸುವುದಿಲ್ಲ. ಯಾರು ಬರೆದರು, ಯಾವಾಗ ಬರೆದರು, ಅದು ಇಲ್ಲದಿದ್ದರೆ ಯಾರಿಗೆ ಏನು ಹೋಗುತ್ತದೆ, ಮೂರನ್ನೂ ಹೇಳಬೇಕು. ಅವನ ಅಜ್ಜಿ ನಗರಸಭೆಯಲ್ಲಿ ಮೂರು ತಾಸು ನಿಂತು, ಗೋಡೆಯಲ್ಲಿದ್ದವರ ಹೆಸರನ್ನು ಒಬ್ಬೊಬ್ಬರದಾಗಿ ಹೇಳಿದ್ದಳಂತೆ. ಇಲ್ಲಿಯೂ ಹಳೆಯ ಕಟ್ಟಡಗಳನ್ನು ನೋಡಿಕೊಳ್ಳುವ ಕಚೇರಿ ಇದೆ, ಕೇಳುವುದರಲ್ಲಿ ತಪ್ಪೇನು ಎಂದ.

ಅರ್ಜಿ ತುಂಬಿದ್ದು ರುದ್ರವ್ವನ ಅಡುಗೆಮನೆಯಲ್ಲಿ. ನಿವೇದಿತಾ ಲ್ಯಾಪ್‌ಟಾಪ್ ತೊಡೆಯ ಮೇಲೆ ಇಟ್ಟುಕೊಂಡಳು, ರುದ್ರವ್ವ ಹಂಚು ಇಟ್ಟಳು. ಒಂದು ರೊಟ್ಟಿಗೆ ಒಬ್ಬ ಮನುಷ್ಯ.

"ಮೊದಲನೇದು, ಗ್ವಾಡಿ ಕಟ್ಟಿದವರು ಯಾರು ಅಂತ ಕೇಳ್ಯಾರ," ಎಂದಳು ನಿವೇದಿತಾ.

ಅದನ್ನು ಅರ್ಬಾಬನಿಗೆ ಫೋನ್ ಮಾಡಿ ಕೇಳಿದರು. "ನನ್ನ ಅಪ್ಪ ಮತ್ತು ಎರಡು ಕತ್ತೆಗಳು," ಎಂದ. ನಿವೇದಿತಾ ಅಪ್ಪನ ಹೆಸರನ್ನಷ್ಟೇ ಬರೆದಳು. ಸಂಜೆ ಅರ್ಬಾಬ್ ಓದಿಸಿ ಕೇಳಿ, ಕಲ್ಲು ಹೊತ್ತದ್ದು ಕತ್ತೆಗಳು, ಅಪ್ಪ ಬೈದದ್ದು ಮಾತ್ರ ಎಂದು ಪಟ್ಟು ಹಿಡಿದ. ಕತ್ತೆಗಳನ್ನೂ ಸೇರಿಸಬೇಕಾಯಿತು.

"ಇನ್ನ ತಾರೀಖ ಹೇಳ್ರಿ ಅತ್ತೀ. ಪೃಥ್ವಿರಾಜ್ ಹೋಗಿದ್ದು ಎಂದ?"

"ತಾರೀಖ ನನಗೇನ್ ತಿಳೀತೈತವ್ವ, ಎರಡನೇ ಇಯತ್ತೆ ಸಾಲಿ ಸುದ್ದ ಮುಗಿಸಿಲ್ಲ ನಾನು. ವಾರ ಹೇಳ್ತೀನಿ ಬರ್ಕೊ. ಗುರುವಾರ. ಅವತ್ತ ಬದನಿಕಾಯಿ ಎಣ್ಣಿಗಾಯಿ ಮಾಡಿದ್ದೆ. ಹಿಂದಿನ ದಿನ ನೀರಿನ ಟ್ಯಾಂಕರ್ ಬಂದಿದ್ದಿಲ್ಲ. ರಂಜಾನ್ ಮುಗದು ಹತ್ತನೇ ದಿನ."

ನಿವೇದಿತಾ ಕ್ಯಾಲೆಂಡರು ತೆಗೆದು ಲೆಕ್ಕ ಹಾಕಿದಳು. ನಂಬಿಕೆ ಬರಲಿಲ್ಲ. ಉಡುಪಿಗೆ ಫೋನ್ ಮಾಡಿದಳು. ಪೃಥ್ವಿರಾಜ್ ಹಳೆಯ ಪಾಸ್‌ಪೋರ್ಟ್ ಹುಡುಕಿ ಮುದ್ರೆ ನೋಡಿ ಹೇಳಿದ, "ಗುರುವಾರವೇ ಮಾರಾಯ್ತಿ. ಬದನೆಕಾಯಿ ಮಾತ್ರ ನನಗೆ ನೆನಪಿಲ್ಲ." ಹೀಗೆ ನಾಲ್ಕು ಜನರದ್ದು ಪರೀಕ್ಷೆ ಮಾಡಿದಳು. ನಾಲ್ಕೂ ಸರಿ. ಐದನೆಯವರಿಂದ ಸುಮ್ಮನೆ ಬರೆದುಕೊಂಡಳು.

"ಲಿಯೋ ಅಂಕಲ್‌ಗೆ ಎರಡು ತಾರೀಖ ಹೇಳ್ತೀರಲ್ರಿ?"

"ಎರಡ ಸಲ ಹೋಗ್ಯಾನ ಆಂವ," ಎಂದಳು ರುದ್ರವ್ವ. ರವೂಫ್ ಬಾಗಿಲಲ್ಲೇ ನಕ್ಕು ಬಿಟ್ಟ. ಆ ಕತೆ ಇಡೀ ಓಣಿಗೆ ಗೊತ್ತು. ಅಡುಗೆಯ ಲಿಯೋ ಹೊರಟ ದಿನ ಅಲಿಕುಂಞಿಗೆ ಬೇರೆ ಕೆಲಸವಿರಲಿಲ್ಲ. ಟ್ಯಾಕ್ಸಿ ತಿರುವು ದಾಟುತ್ತಲೇ ಗೋಡೆಗೆ ಕುಂಚ ಇಟ್ಟ. ಸೌಟು ಹಿಡಿದ ಲಿಯೋ ಮುಗಿಯುವ ಹೊತ್ತಿಗೆ, ಕಾಗದದಲ್ಲೇನೋ ತೊಡಕಾಗಿ ವಿಮಾನ ನಿಲ್ದಾಣದಿಂದ ವಾಪಸು ಬಂದ ಲಿಯೋ ಪೆಟ್ಟಿಗೆ ಹಿಡಿದು ತನ್ನ ಚಿತ್ರದ ಎದುರು ನಿಂತಿದ್ದ. ಆಮೇಲೆ ಎಂಟು ವರ್ಷ ಅವನಿಗೆ ಹೋಗಲಾಗಲಿಲ್ಲ. ದಿನಾ ಬೆಳಿಗ್ಗೆ ಗೋಡೆಯ ಮೇಲಿನ ಲಿಯೋಗೆ ಬೈದು ಕೆಲಸಕ್ಕೆ ಹೋಗುತ್ತಿದ್ದ. ಕೊನೆಗೆ ಹೋದಾಗ ಅಲಿಕುಂಞಿ ಚಿತ್ರದ ತಲೆಗೆ ನರೆ ಬಳಿದ, ಅಷ್ಟೇ. ಅಂದಿನಿಂದ ಓಣಿಯಲ್ಲಿ ಕಟ್ಟುನಿಟ್ಟಾಯಿತು. ಹೋದವನು ಊರು ಮುಟ್ಟಿ, ಮುಟ್ಟಿದೆ ಎಂದು ತನ್ನ ಬಾಯಿಂದ ಹೇಳುವವರೆಗೆ ಗೋಡೆಗೆ ಒಂದು ಚುಕ್ಕಿಯನ್ನೂ ಇಡಬಾರದು.

ಅರ್ಜಿ ಹೋಯಿತು. ಬೇಸಿಗೆ ಬಂತು, ಎ.ಸಿ.ಗಳು ಗುರುಗುಟ್ಟಿದವು, ಇಪ್ಪತ್ತೇಳನೇ ಕ್ರೀಂ ತಿರಸ್ಕಾರವಾಯಿತು. ಮರುವರ್ಷ ನವೆಂಬರಿನಲ್ಲಿ ಎ.ಸಿ. ಮತ್ತೆ ನಿಂತ ವಾರ, ಒಂದು ಬುಧವಾರ, ಕಚೇರಿಯಿಂದ ಒಬ್ಬ ಹೆಣ್ಣುಮಗಳು ಬಂದಳು. ಕಪ್ಪು ಅಬಾಯಾ, ಬಿಳಿ ಬೂಟು, ಕೈಯಲ್ಲಿ ಟ್ಯಾಬು. ಗೋಡೆಯ ಆ ತುದಿಯಿಂದ ಈ ತುದಿಗೆ ಎರಡು ಸಲ ನಡೆದಳು. ಕತ್ತೆಗಳ ಸಾಲು ಓದಿ ನಗು ತಡೆಯಲಾಗದೆ ಗೋಡೆಯ ಕಡೆ ಮುಖ ತಿರುಗಿಸಿಕೊಂಡಳು. ತಮ್ಮಣ್ಣನ ಮುಂದೆ ನಿಂತು, ಇವರು ಯಾಕೆ ಇಷ್ಟು ನಗುತ್ತಿದ್ದಾರೆ ಎಂದು ಕೇಳಿದಳು. ರುದ್ರವ್ವ ರಸಮಟ್ಟದ ಗುಳ್ಳೆ ತೋರಿಸಿದಳು. ನಿವೇದಿತಾ ಅಂದು ರಜೆ ಹಾಕಿ ಬಂದಿದ್ದಳು, ತಿಳಿಸಿ ಹೇಳಿದಳು.

"ನಿಮ್ಮ ಗೋಡೆಯನ್ನು ಪಟ್ಟಿಗೆ ಸೇರಿಸುತ್ತೇವೆ," ಎಂದಳು ಆ ಹೆಣ್ಣುಮಗಳು. "ಬರುವ ಸೋಮವಾರ ಹತ್ತು ಗಂಟೆಗೆ ಫೋಟೋ. ಫೋಟೋದಲ್ಲಿ ಏನಿರುತ್ತದೋ ಅದೇ ಗೋಡೆ. ಆಮೇಲೆ ಒಂದು ಗೆರೆ ಕಡಿಮೆಯೂ ಆಗಬಾರದು, ಹೆಚ್ಚೂ ಆಗಬಾರದು."

ಅವಳು ಹೋಗುತ್ತಲೇ ಓಣಿ ಕುಣಿಯಿತು. ರವೂಫ್ ಟೇಪನ್ನು ಗಾಳಿಯಲ್ಲಿ ತಿರುಗಿಸಿದ. ಅರ್ಬಾಬ್ ಇಡೀ ಓಣಿಗೆ ಕರಕ್ ಚಹಾ ತರಿಸಿದ, ಬಣ್ಣದವನೂ ಎರಡು ಲೋಟ ಕುಡಿದು, ಈಗ ನನ್ನ ಗತಿ ಏನು ಎಂದ. ಸೆಬಾಸ್ಟಿಯನ್ ಅಜ್ಜೀ ಅಜ್ಜೀ ಎನ್ನುತ್ತ ರುದ್ರವ್ವನನ್ನು ಎತ್ತಿ ಒಂದು ಸುತ್ತು ಹಾಕಿಸಿ ಕೆಳಗಿಳಿಸಿದ. ಅವಳಿಗೆ ಭೂಮಿ ನಿಂತಲ್ಲಿ ನಿಲ್ಲಲು ಸ್ವಲ್ಪ ಹೊತ್ತು ಬೇಕಾಯಿತು. ನಿಂತ ಮೇಲೆ ಕಣ್ಣಿಗೆ ಬಿದ್ದವನು ಅಲಿಕುಂಞಿ. ನೀರಿನ ಪೈಪಿನ ಪಕ್ಕ, ಗೋಡೆಯಲ್ಲಿ ಉಳಿದಿದ್ದ ಒಂದೇ ಒಂದು ಖಾಲಿ ಜಾಗದ ಮುಂದೆ, ಲೋಟ ಹಿಡಿದು ಕೂತಿದ್ದ. ಫ್ಲೆಕ್ಸ್ ಬಂದ ಮೇಲೆ ಬೋರ್ಡಿನ ಕೆಲಸ ನಿಂತು ಹೋಗಿತ್ತು. ವೀಸಾ ಮುಗಿದಿತ್ತು. ಮಗಳು ಊರಿಗೆ ಬಾ ಎಂದಿದ್ದಳು.

"ಅಲಿಯಣ್ಣ, ನಿಮ್ಮ ಟಿಕೆಟ್ ಎಂದ ಐತ್ರಿ?"

"ಗುರುವಾರ. ನಾಳೆ ಅಲ್ಲ, ಬರುವ ಗುರುವಾರ."

"ಫೋಟೋ?"

"ಸೋಮವಾರ."

ರವೂಫನ ಟೇಪು ತಿರುಗುವುದು ನಿಂತಿತು.

"ಇರಲಿ ಬಿಡಿ ಅಕ್ಕ," ಎಂದ ಅಲಿಕುಂಞಿ. "ಗೋಡೆ ಉಳಿಯಿತಲ್ಲ. ಬರೆದವ ಗೋಡೆಯಲ್ಲಿ ಇರಬೇಕು ಅಂತ ಎಂತ ಉಂಟು?"

"ಬರದಾಂವ ಇರಲಾರದ ಗ್ವಾಡಿ ಯಾರಿಗೆ ಬೇಕ್ರಿ?" ಎಂದಳು ರುದ್ರವ್ವ. ಅವಳು ದನಿ ಎತ್ತಿದ್ದನ್ನು ಓಣಿ ಅದುವರೆಗೆ ಕೇಳಿರಲಿಲ್ಲ. "ನಲವತ್ಮೂರು ಮಂದೀನ ಕುಂದ್ರಿಸಿ ನೀವ ಹೊರಗ ನಿಂತ್ರ, ಅದು ಊಟಕ್ಕ ಕರದು ಮನಿ ಯಜಮಾನಗ ಎಲಿ ಹಾಕಲಾರದಂಗ ಆತು."

"ಹಾಗಾದ್ರೆ ಇವತ್ತೇ ಬರೆದುಕೊಳ್ಳಲಿ, ಕೈ ಅವನದ್ದೇ ಉಂಟಲ್ಲ," ಎಂದ ರವೂಫ್.

"ತನ್ನನ್ನೇ ತಾನು ಬರೆಯುವುದಾ? ನಾಚಿಕೆ ಆಗ್ತದೆ ಮಾರಾಯ," ಎಂದ ಅಲಿಕುಂಞಿ.

"ಮತ್ತ ಇವರಿನ್ನೂ ಹೋಗೇ ಇಲ್ಲಲ್ರಿ," ಎಂದಳು ರುದ್ರವ್ವ. "ಈಗ ಬರದ್ರ ಲಿಯೋನಂಗ ಎಂಟ ವರ್ಷ ಇಲ್ಲೇ."

ನಿವೇದಿತಾ ಆ ಹೆಣ್ಣುಮಗಳಿಗೆ ಫೋನ್ ಮಾಡಿ ಫೋಟೋ ಮುಂದೂಡಬಹುದೇ ಎಂದು ಕೇಳಿದಳು. ಆಗುವುದಿಲ್ಲ, ಪಟ್ಟಿ ಮಾಡುವ ಮುಂದಿನ ಸಭೆ ಮತ್ತೊಂದು ವರ್ಷಕ್ಕೆ ಎಂದಳು ಅವಳು. ಉಳಿದದ್ದು ಒಂದೇ ದಾರಿ. ಮನುಷ್ಯನನ್ನು ಬೇಗ ಕಳಿಸುವುದು. ನಿವೇದಿತಾ ಅಲ್ಲೇ ನಿಂತು ಟಿಕೆಟನ್ನು ಶನಿವಾರಕ್ಕೆ ಬದಲಾಯಿಸಿದಳು. ಮೂವತ್ತಾರು ವರ್ಷ ಇದ್ದವನನ್ನು ಮೂರು ದಿನದಲ್ಲಿ ಓಡಿಸುವ ಸಡಗರ ಅವತ್ತೇ ಶುರುವಾಯಿತು. ಒಬ್ಬರು ಖರ್ಜೂರ ತಂದರು, ಒಬ್ಬರು ಕಂಬಳಿ, ಒಬ್ಬರು ಹಗ್ಗ. ಪೆಟ್ಟಿಗೆ ತೂಕ ಮಾಡಿ, ಬಿಚ್ಚಿ, ಮತ್ತೆ ಕಟ್ಟಿದರು. ನಿನ್ನನ್ನು ಕಂಡರೆ ನಮಗೆ ಎಷ್ಟು ಪ್ರೀತಿ, ಬೇಗ ಹೋಗು ಎಂದು ರವೂಫ್ ಗಂಟೆಗೊಮ್ಮೆ ಹೇಳಿ ಹೋಗುತ್ತಿದ್ದ.

ಇನ್ನೊಂದು ತೊಡಕಿತ್ತು. ಅಲಿಕುಂಞಿ ಹೋದ ಮೇಲೆ ಬರೆಯುವವರು ಯಾರು? ಸೆಬಾಸ್ಟಿಯನ್ ಇದ್ದ, ಸರಿ. ಆದರೆ ಆಕಾರ ಬರಬೇಕಲ್ಲ, ಅಳತೆ ಬೇಕು ಎಂದ ರವೂಫ್. ಶುಕ್ರವಾರ ನಮಾಜು ಮುಗಿಸಿ ಬಂದವನೇ ಅಲಿಕುಂಞಿಯನ್ನು ಅಂಗಡಿಯ ಸ್ಟೂಲಿನ ಮೇಲೆ ನಿಲ್ಲಿಸಿದ.

"ಕೈ ಅಗಲಿಸು. ಉಸಿರು ಬಿಡು. ಹೊಟ್ಟೆ ಎಲ್ಲಿ ಉಂಟು?"

"ಇಲ್ಲ."

"ಇಲ್ಲ ಅಂದ್ರೆ ಹೇಗೆ ಅಳೆಯುದು ಮಾರಾಯ."

"ಟ್ರಯಲ್ ಯಾವಾಗ ಕೊಡ್ತೀ?" ಎಂದ ಅಲಿಕುಂಞಿ.

"ಗೋಡೆಗೆ ಹೋಗುವವನಿಗೆ ಟ್ರಯಲ್ ಇಲ್ಲ."

ರವೂಫ್ ಕಂದು ಕಾಗದ ಹಾಸಿ, ಸೀಮೆಸುಣ್ಣದಲ್ಲಿ ಗೆರೆ ಎಳೆದು, ಮುಂಭಾಗ, ಹಿಂಭಾಗ, ತೋಳು, ಕಾಲು ಎಲ್ಲ ಕತ್ತರಿಸಿ, ಸುರುಳಿ ಸುತ್ತಿ ಇಟ್ಟ.

ಶನಿವಾರ ಬೆಳಿಗ್ಗೆ ಹತ್ತಕ್ಕೆ ಟ್ಯಾಕ್ಸಿ ಬಂತು. ಅಳುವುದಕ್ಕೆ ಯಾರಿಗೂ ಪುರಸೊತ್ತು ಇರಲಿಲ್ಲ. ರುದ್ರವ್ವ ಹತ್ತು ರೊಟ್ಟಿ, ಶೇಂಗಾ ಚಟ್ನಿಯ ಪೊಟ್ಟಣ ಕೈಗಿಟ್ಟು, "ಮುಟ್ಟಿದ ಕೂಡ್ಲೆ ಫೋನ್ ಮಾಡ್ರಿ ಅಲಿಯಣ್ಣ. ನೀವು ಫೋನ್ ಮಾಡೂತನಕ ಡಬ್ಬಿ ಮುಚ್ಚಳ ತೆಗಿಯೂದಿಲ್ಲ," ಎಂದಳು. ಅವನು ಗೋಡೆಯ ಕಡೆ ನೋಡಲಿಲ್ಲ. ಕೆಮ್ಮಿ, ಟ್ಯಾಕ್ಸಿ ಹತ್ತಿದ.

ವಿಮಾನ ಹತ್ತಿದ್ದು ಗೊತ್ತಾಯಿತು. ಮಂಗಳೂರಿನಲ್ಲಿ ಇಳಿದದ್ದನ್ನು ನಿವೇದಿತಾ ಮೊಬೈಲಿನಲ್ಲಿ ತೋರಿಸಿದಳು. ಫೋನು ಬರಲಿಲ್ಲ. ಸಂಜೆಯಾಯಿತು, ಇಲ್ಲ. ಭಾನುವಾರ ಬೆಳಗಾಯಿತು, ಇಲ್ಲ. ಗೋಡೆಯ ಮುಂದೆ ಏಣಿ, ಎಂಟು ಡಬ್ಬಿ ಬಣ್ಣ, ಕುಂಚ ಹಿಡಿದ ಹದಿನಾರು ಜನ. ಒಬ್ಬರೂ ಡಬ್ಬಿ ಮುಟ್ಟುವಂತಿಲ್ಲ.

"ವಿಮಾನ ಇಳಿದದ್ದು ನಾವೇ ನೋಡಿದ್ದೇವೆ ರುದ್ರಕ್ಕ," ಎಂದ ರವೂಫ್ ಹನ್ನೊಂದಕ್ಕೆ. "ಶುರು ಮಾಡುವ."

"ವಿಮಾನ ಇಳದೈತಿ. ಮನಷಾ ಮನಿ ಮುಟ್ಯಾನೇನು?"

"ಮುಟ್ಟದೆ ಎಲ್ಲಿ ಹೋಗ್ತಾನೆ?"

"ಲಿಯೋ ಎಲ್ಲಿಗೆ ಹೋಗಿದ್ದ?"

ರವೂಫ್ ಫೋನು ತೆಗೆದ. ಅಲಿಕುಂಞಿಯ ದುಬೈ ನಂಬರಿಗೆ ಮಾಡಿದರೆ ಆ ಸಿಮ್ಮೇ ಬಂದ್. ಅವನ ಮಗಳ ನಂಬರು ಯಾರಲ್ಲೂ ಇಲ್ಲ. ಕೋಣೆಗೆ ಹೋಗಿ ನೋಡಿದರೆ, ಬಾಗಿಲ ಪಕ್ಕದ ಗೋಡೆಯಲ್ಲಿ ಓಣಿಯವರೆಲ್ಲರ ಫೋನ್ ನಂಬರು, ಕೆಂಪು ನೀಲಿ ಅಕ್ಷರಗಳಲ್ಲಿ, ನೆರಳು ಕೊಟ್ಟು, ಒಂದೊಂದೂ ಬೋರ್ಡಿನ ಹಾಗೆ. ಕಾಗದ, ಪುಸ್ತಕ ಯಾವುದೂ ಅವನಿಗೆ ಬೇಕಾಗಿರಲಿಲ್ಲ. ಎಲ್ಲವನ್ನೂ ಗೋಡೆಗೆ ಬರೆದಿಟ್ಟು, ಗೋಡೆ ಇಲ್ಲಿ ಬಿಟ್ಟು, ಮನುಷ್ಯ ಊರಿಗೆ ಹೋಗಿದ್ದ.

"ಅಯ್ಯೋ ಶಿವನ," ಎಂದು ರುದ್ರವ್ವ ಕಟ್ಟೆಯ ಮೇಲೆ ಕೂತಳು.

ಒಂದು ಗಂಟೆಗೆ ಎಲ್ಲೋ ಫೋನು ಹೊಡೆದುಕೊಂಡಿತು. ಹದಿನಾರು ಜನ ಹದಿನಾರು ಜೇಬು ಮುಟ್ಟಿದರು. ಸದ್ದು ಬರುತ್ತಿದ್ದದ್ದು ರವೂಫನ ಮುಚ್ಚಿದ ಅಂಗಡಿಯ ಶಟರಿನ ಒಳಗಿನಿಂದ. ವರ್ಷಗಳಿಂದ ಯಾರೂ ಮಾಡದ ಲ್ಯಾಂಡ್‌ಲೈನು. ರವೂಫ್ ಕೀಲಿಗಾಗಿ ಪ್ಯಾಂಟಿನ ಜೇಬು ನೋಡಿದ, ಅಂಗಿಯ ಜೇಬು ನೋಡಿದ, ಅಕ್ಕಪಕ್ಕದವರ ಜೇಬನ್ನೂ ನೋಡಿದ. ಫೋನು ನಿಂತಿತು. ಮತ್ತೆ ಹೊಡೆಯಿತು, ಮತ್ತೆ ನಿಂತಿತು. ಕೊನೆಗೆ ಕೀಲಿ ಅವನ ಬನಿಯನ್ನಿನ ಒಳಗೆ ಪಿನ್ನು ಹಾಕಿದ ಜಾಗದಲ್ಲೇ ಸಿಕ್ಕಿತು. ಮೂರನೇ ಸಲಕ್ಕೆ ಶಟರು ಎದ್ದಿತು. ನಾಲ್ಕು ಜನ ಹಿಡಿಸದ ಅಂಗಡಿಗೆ ಹದಿನಾರು ಜನ ನುಗ್ಗಿದರು. ರವೂಫ್ ರಿಸೀವರನ್ನು ಎಲ್ಲರಿಗೂ ಕೇಳುವ ಹಾಗೆ ಎತ್ತಿ ಹಿಡಿದ.

"ಮುಟ್ಟಿದಿಯಾ?"

"ನಿನ್ನೆ ಸಂಜೆಗೇ ಮುಟ್ಟಿದ್ದೇನೆ," ಎಂದಿತು ಕೆಮ್ಮು. "ನಂಬರೆಲ್ಲ ಗೋಡೆಯಲ್ಲಿ ಬಾಕಿ ಆಯಿತು. ಆಮೇಲೆ ನಿನ್ನ ಬೋರ್ಡಿನ ನಂಬರು ನೆನಪಿಗೆ ಬಂತು. ಮೂರು ಸಲ ಬರೆಸಿದ್ದಿ, ಮೂರು ಸಲವೂ ಕೊನೆಯ ಏಳು ಸಣ್ಣದಾಯಿತು ಅಂತ ಬೈದಿದ್ದಿ."

"ಇನ್ನೂ ಸಣ್ಣದೇ ಉಂಟು," ಎಂದ ರವೂಫ್.

ರುದ್ರವ್ವ ರಿಸೀವರಿಗೆ ಬಾಯಿ ಹಚ್ಚಿ, "ಮನಿ ಒಳಗ ಅದೀರೇನ್ರಿ ಅಲಿಯಣ್ಣ? ಹೊಸ್ತಿಲ ದಾಟೀರೇನು?" ಎಂದಳು.

"ಒಳಗೇ ಇದ್ದೇನೆ ಅಕ್ಕ. ಮಗಳು ಮೀನು ಹುರಿಯುತ್ತಾ ಇದ್ದಾಳೆ."

"ತೆಗೀರಿ ಡಬ್ಬಿ," ಎಂದಳು ರುದ್ರವ್ವ.

ಬೆಳಕು ಇದ್ದದ್ದು ನಾಲ್ಕೂವರೆ ತಾಸು. ಮೊದಲು ಸೆಬಾಸ್ಟಿಯನ್‌ಗೆ ಬಿಟ್ಟರು. ಅವನು ಮುಕ್ಕಾಲು ತಾಸಿನಲ್ಲಿ ಬಹಳ ಚೆಂದದ ಒಂದು ಮುಖ ಬರೆದ. ದೂರ ನಿಂತು ನೋಡಿದರೆ ದಪ್ಪ ಮೀಸೆ, ಬೆಂಕಿಯಂಥ ಕಣ್ಣು, ಎತ್ತಿದ ಗದ್ದ. ಕುದುರೆ ಒಂದು ಕಡಿಮೆ.

"ಇದು ಯಾರು?" ಎಂದ ರವೂಫ್.

ಸೆಬಾಸ್ಟಿಯನ್ ತಾನೂ ದೂರ ಬಂದು ನೋಡಿ ತಲೆ ತುರಿಸಿಕೊಂಡ. ಅದು ಅವನ ಚಿಕ್ಕಪ್ಪನಂತೆ. ಯಾರನ್ನು ಬರೆದರೂ ಕೈ ಅಲ್ಲಿಗೇ ಹೋಗುತ್ತದಂತೆ. ನಗುತ್ತಲೇ ಬಟ್ಟೆ ತಗೊಂಡು ಚಿಕ್ಕಪ್ಪನನ್ನು ಒರೆಸಿದ. ಆಮೇಲೆ ರವೂಫ್ ಒಂದು ಮೂಗು ಬರೆದ, ಅದು ಕತ್ತರಿಯಂತೆ ಬಂತು. ಬಣ್ಣದವನು, ನಾನೂ ಬಣ್ಣದ ಕೆಲಸದವನೇ ಅಲ್ಲವೇ ಎಂದು ಕೇಳಿಕೊಂಡು ಒಂದು ಕಿವಿ ಬರೆದ. ಕಿವಿ ಚೆನ್ನಾಗಿತ್ತು, ಆದರೆ ಕ್ರೀಂ ಬಣ್ಣದ್ದು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಮೂರೂವರೆ ಆಗಿತ್ತು, ಗೋಡೆಯ ಮೇಲೆ ಒರೆಸಿದ ಕಲೆ ಬಿಟ್ಟರೆ ಏನೂ ಇರಲಿಲ್ಲ.

ರುದ್ರವ್ವ ಮಾತ್ರ ನಗಲಿಲ್ಲ. ಆ ಖಾಲಿ ಜಾಗವನ್ನೇ ನೋಡುತ್ತ ಕೂತಿದ್ದಳು. ಅಲಿಕುಂಞಿಯ ಮುಖವನ್ನು ಮನಸ್ಸಿಗೆ ತಂದುಕೊಳ್ಳಲು ನೋಡಿದಳು. ಮೂವತ್ತೈದು ವರ್ಷದ ವಾರ, ಊಟ, ಟ್ಯಾಂಕರು ಎಲ್ಲ ನೆನಪಿದ್ದ ತಲೆಗೆ ಅದು ಸರಿಯಾಗಿ ಬರಲೊಲ್ಲದು. ಯಾಕೆ ಬರಲೊಲ್ಲದು ಎಂದು ಯೋಚಿಸಿದಳು. ಆಮೇಲೆ ಎದ್ದಳು.

"ಆ ಮನಷಾನ ಮಾರಿ ನಾವು ಎಂದ ನೋಡೇವಿ?" ಎಂದಳು. "ಏಣಿ ಮ್ಯಾಲೆ ನಿಂತು ಗ್ವಾಡಿ ಕಡೆ ಮಾರಿ ಮಾಡಿರತಿದ್ರು. ನಾವು ಹೋಗತಾ ಬರತಾ ನೋಡಿದ್ದೆಲ್ಲಾ ಬೆನ್ನ. ಬೆನ್ನ ಬರೀರಿ."

ರವೂಫ್ ಅಂಗಡಿಗೆ ಓಡಿದ. ಹಿಂಭಾಗದ ಕಾಗದ ಅವನ ಹತ್ತಿರ ಕತ್ತರಿಸಿಟ್ಟದ್ದು ಇತ್ತಲ್ಲ. ಗೋಡೆಗೆ ಹಿಡಿದರು, ಸುತ್ತ ಸೀಮೆಸುಣ್ಣ ಎಳೆದರು, ತೋಳು ಎತ್ತಿ ಜೋಡಿಸಿದರು, ಏಣಿಯೊಂದನ್ನು ಬರೆದು ಕಾಲನ್ನು ಅದರ ಮೆಟ್ಟಿಲಿಗೆ ಇಟ್ಟರು. ಒಬ್ಬರು ಅಂಗಿಗೆ ಬಣ್ಣ ತುಂಬಿದರು, ಒಬ್ಬರು ಲುಂಗಿಗೆ. ಹಿಂದಲೆಯ ಬಿಳಿ ಕೂದಲನ್ನು ರುದ್ರವ್ವ ರಂಗೋಲಿ ಎಳೆಯುವ ಹಾಗೆ ಬೆರಳಿನಿಂದಲೇ ಎಳೆದಳು. ಸೆಬಾಸ್ಟಿಯನ್ ಡಬ್ಬಿ ಹಿಡಿದು, ಬಣ್ಣ ಕಲಸಿ ಕೊಟ್ಟ, ಅಷ್ಟೇ. ಐದೂ ಕಾಲಿಗೆ ಮುಗಿಯಿತು. ದೂರ ಹೋಗಿ ನೋಡಿದರು.

ಅಲಿಕುಂಞಿಯೇ. ಅನುಮಾನವೇ ಇಲ್ಲ. ಆದರೆ ಬೆನ್ನು ಕಪಾಟಿನಷ್ಟು ಅಗಲ.

"ರವೂಫಣ್ಣ," ಎಂದಳು ನಿವೇದಿತಾ ಮೆಲ್ಲಗೆ, "ಅಳತಿ ಸರಿ ತಗೊಂಡಿದ್ರೇನ್ರಿ?"

"ಅಳತೆ ಎಲ್ಲ ಸರಿಯೇ," ಎಂದ ರವೂಫ್. ಬೆವರು ಒರೆಸಿಕೊಂಡ. "ಮಾರ್ಜಿನ್ ಬಿಟ್ಟಿದ್ದೇನೆ. ಊರಿಗೆ ಹೋಗುವವರಿಗೆ ನಾನು ಯಾವಾಗಲೂ ಮೂರು ಇಂಚು ಜಾಸ್ತಿ ಬಿಡುದು. ಹೋದ ಮೇಲೆ ದಪ್ಪ ಆಗ್ತಾರಲ್ಲ. ಕೈ ಅಭ್ಯಾಸ. ಬಟ್ಟೆ ಆದ್ರೆ ಒಳಗೆ ಮಡಚಿ ಹೊಲಿಯಬಹುದಿತ್ತು."

ಗೋಡೆಯನ್ನು ಮಡಚಲು ಬರುವುದಿಲ್ಲ. ಬೆಳಕೂ ಹೋಗುತ್ತಿತ್ತು. ನಿವೇದಿತಾ ಫೋಟೋ ತೆಗೆದು, ಈಗ ಸಿಕ್ಕಿದ್ದ ಮಗಳ ನಂಬರಿಗೆ ಕಳಿಸಿದಳು. ಆಮೇಲೆ ಅಲಿಕುಂಞಿಯ ದನಿ ಬಂತು.

"ಅದು ಯಾರು, ನನ್ನ ಲುಂಗಿ ಉಟ್ಟ ಪೈಲ್ವಾನ?"

"ನೀನೇ. ಆರು ತಿಂಗಳು ಮೀನು ತಿನ್ನು, ಸರಿ ಆಗ್ತದೆ," ಎಂದ ರವೂಫ್.

ಆ ಕಡೆ ಕೆಮ್ಮಿನ ಹಾಗೆ ಏನೋ ಕೇಳಿಸಿತು. ಕೆಮ್ಮಲ್ಲ, ನಗು. ಬಹಳ ಹೊತ್ತು ನಗುತ್ತಲೇ ಇದ್ದ.

ಸೋಮವಾರ ಹತ್ತಕ್ಕೆ ಸರಿಯಾಗಿ ಆ ಹೆಣ್ಣುಮಗಳು ಬಂದಳು, ಜೊತೆಗೆ ಕ್ಯಾಮೆರಾದವನು. ಅವನು ಗೋಡೆಯನ್ನು ತುದಿಯಿಂದ ತೆಗೆಯುತ್ತ ಬಂದು ಪೈಪಿನ ಹತ್ತಿರ ನಿಂತ. ಹೆಣ್ಣುಮಗಳು ಆ ಬೆನ್ನಿಗೆ ಬೆರಳು ತಾಗಿಸಿ ನೋಡಿದಳು. ಬೆರಳ ತುದಿ ನೀಲಿಯಾಯಿತು.

"ಇದು ಬುಧವಾರ ಇರಲಿಲ್ಲ," ಎಂದಳು.

"ಬುಧವಾರ ಅವರು ಇಲ್ಲೇ ಇದ್ರಲ್ರಿ," ಎಂದಳು ರುದ್ರವ್ವ. ನಿವೇದಿತಾ ಅದನ್ನು ಹಾಗೆಯೇ ಇಂಗ್ಲಿಷಿಗೆ ತಂದು ಹೇಳಿದಳು.

ಆ ಹೆಣ್ಣುಮಗಳು ಬೆರಳನ್ನು ನೋಡಿದಳು, ಗಡಿಯಾರವನ್ನು ನೋಡಿದಳು, ಕ್ಯಾಮೆರಾದವನ ಕಡೆ ನೋಡಿದಳು. ಇದರ ಫೋಟೋ ಆಯಿತೇ ಎಂದು ಕೇಳಿದಳು. ಇನ್ನೂ ಇಲ್ಲ ಎಂದ.

"ಹಾಗಾದರೆ ತೆಗೆ," ಎಂದಳು. ಆಮೇಲೆ ಟ್ಯಾಬಿನಲ್ಲಿ ನಲವತ್ತಮೂರನೆಯ ಸಾಲಿನ ಕೆಳಗೆ ಹೊಸ ಸಾಲು ತೆರೆದು, ಹೇಳಿ ಎಂಬಂತೆ ರುದ್ರವ್ವನ ಮುಖ ನೋಡಿದಳು.

ರುದ್ರವ್ವ ಸೆರಗು ಸರಿ ಮಾಡಿಕೊಂಡು, ನಿಧಾನವಾಗಿ, ಬರೆದುಕೊಳ್ಳುವವರಿಗೆ ತೊಂದರೆಯಾಗದ ಹಾಗೆ ಹೇಳಿದಳು.

"ಅಲಿಕುಂಞಿ. ದೇರಳಕಟ್ಟಿಯವರು. ಬೋರ್ಡ್ ಬರಿಯೋರು. ಹೋಗಿದ್ದು ಶನಿವಾರ."